ಐವಿ ಲೈನ್‌ನಲ್ಲಿ ಗಾಳಿಗುಳ್ಳೆ: ಬರದಂತೆ ನೋಡಿಕೊಳ್ಳುವುದು, ಬಂದರೆ ತೆಗೆಯುವುದು

ಡ್ರಿಪ್ ಹಾಕಿಸಿಕೊಂಡವರ ಕಣ್ಣು ಟ್ಯೂಬಿನ ಮೇಲೇ ಇರುತ್ತದೆ. ಒಂದು ಸಣ್ಣ ಗುಳ್ಳೆ ಕೆಳಗಿಳಿಯುತ್ತಿರುವುದು ಕಂಡರೆ ಸಾಕು, "ಸಿಸ್ಟರ್, ಗಾಳಿ ಹೋಗ್ತಾ ಇದೆ, ಬೇಗ ಬನ್ನಿ" ಎಂದು ಕೂಗು ಬರುತ್ತದೆ. ಆ ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾರ ಮೈಗೆ ಹೋಗುತ್ತಿದೆ, ಯಾವ ರಕ್ತನಾಳಕ್ಕೆ ಹೋಗುತ್ತಿದೆ, ಎಷ್ಟು ಹೋಗುತ್ತಿದೆ ಎನ್ನುವುದರ ಮೇಲೆ ಅಪಾಯ ನಿಂತಿದೆ.

ಇದನ್ನು ಬರೆದಿರುವುದು ನರ್ಸಿಂಗ್ ಓದುತ್ತಿರುವವರಿಗೆ ಮತ್ತು ವಾರ್ಡಿಗೆ ಹೊಸದಾಗಿ ಬಂದವರಿಗೆ. ರೋಗಿಯ ಕಡೆಯವರು ಓದಿದರೆ ಒಳ್ಳೆಯದೇ, ಆದರೆ ನಿಮ್ಮ ಕೆಲಸ ಎರಡೇ: ಟ್ಯೂಬಿನ ಮೇಲೆ ಹರಿವು ನಿಲ್ಲಿಸುವ ಚಕ್ರವನ್ನು (ರೋಲರ್ ಕ್ಲ್ಯಾಂಪ್) ಮುಚ್ಚುವುದು, ನರ್ಸನ್ನು ಕರೆಯುವುದು. ಅದೂ ಸಾಮಾನ್ಯ ಸಲೈನ್ ಆಗಿದ್ದರೆ ಮಾತ್ರ. ಪಂಪಿನಲ್ಲಿ ಔಷಧಿ ಹೋಗುತ್ತಿದ್ದರೆ ಏನನ್ನೂ ಮುಟ್ಟದೆ ನರ್ಸನ್ನು ಕರೆಯಿರಿ. ಟ್ಯೂಬ್ ಬಿಚ್ಚುವುದು, ಸಿರಿಂಜ್ ಹಾಕಿ ಎಳೆಯುವುದು ಮನೆಯವರು ಮಾಡುವ ಕೆಲಸವಲ್ಲ.

ಮುಂದೆ ಹೇಳುವ ಎಲ್ಲಕ್ಕೂ ಆಧಾರ ಒಂದೇ ನಿಯಮ. ಗುಳ್ಳೆಗೆ ಕೈ ಹಾಕುವ ಮೊದಲು, ಗುಳ್ಳೆಗೂ ರೋಗಿಗೂ ನಡುವಿನ ದಾರಿಯನ್ನು ಮುಚ್ಚಿ. ಟ್ಯೂಬ್ ತಟ್ಟುವುದಿರಲಿ, ಎಳೆಯುವುದಿರಲಿ, ಪಂಪಿನ ಬಾಗಿಲು ತೆಗೆಯುವುದಿರಲಿ, ಇದೇ ಮೊದಲು. ಕೈಗೆ ಇದು ರೂಢಿಯಾದರೆ ಉಳಿದದ್ದು ಬರೀ ಕೈಚಳಕ.

ಎಷ್ಟು ಗಾಳಿ, ಎಷ್ಟು ಅಪಾಯ

ಸಾಮಾನ್ಯ ಐವಿ ಟ್ಯೂಬಿನ ಒಳ ಅಳತೆ ಸುಮಾರು 3 ಮಿಲಿಮೀಟರ್. ಲೆಕ್ಕ ಹಾಕಿದರೆ, ಟ್ಯೂಬಿನಲ್ಲಿ 1 ಸೆಂಟಿಮೀಟರ್ ಉದ್ದದ ಗುಳ್ಳೆ ಎಂದರೆ ಸುಮಾರು 0.07 ಎಂಎಲ್ ಗಾಳಿ. 14 ಸೆಂಟಿಮೀಟರ್ ಉದ್ದ ಇದ್ದರೆ 1 ಎಂಎಲ್ ಆಯಿತು. ಒಂದೂವರೆ ಮೀಟರ್ ಟ್ಯೂಬ್ ಪೂರ್ತಿ ಖಾಲಿ ಇದ್ದರೂ ಅದರೊಳಗಿನ ಗಾಳಿ ಹತ್ತು ಎಂಎಲ್ ಆಸುಪಾಸು. ದೊಡ್ಡವರಲ್ಲಿ ಜೀವಕ್ಕೆ ಕುತ್ತು ತರುವ ಪ್ರಮಾಣ ಎಂದು ವೈದ್ಯಕೀಯ ಪುಸ್ತಕಗಳು ಹೇಳುವುದು ಒಂದೇ ಸಲಕ್ಕೆ ಹೋಗುವ 200ರಿಂದ 300 ಎಂಎಲ್, ಅಥವಾ ತೂಕದ ಕಿಲೋಗೆ 3ರಿಂದ 5 ಎಂಎಲ್. ಕೈಯ ನರದಿಂದ ಹೋದ ಚಿಕ್ಕ ಗುಳ್ಳೆ ಹೃದಯದ ಬಲಭಾಗ ದಾಟಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ನಿಧಾನವಾಗಿ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಹಾಗಾಗಿ ಆರೋಗ್ಯವಾಗಿರುವ ದೊಡ್ಡವರ ಕೈಯ ಲೈನಿನಲ್ಲಿ ಒಂದೆರಡು ಪುಟ್ಟ ಗುಳ್ಳೆ ಹೋದರೆ ಏನೂ ಆಗುವುದಿಲ್ಲ.

ಅಂತ ಸುಮ್ನೆ ಬಿಡುವ ಹಾಗೂ ಇಲ್ಲ. ದೊಡ್ಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ, ಹುಟ್ಟುವಾಗ ಮುಚ್ಚಬೇಕಿದ್ದ ಸಣ್ಣ ಕಿಂಡಿ ಪೂರ್ತಿ ಮುಚ್ಚಿರುವುದಿಲ್ಲ. ಹೆಚ್ಚಿನವರಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ. ಅಂಥವರಲ್ಲಿ ಗುಳ್ಳೆ ಶ್ವಾಸಕೋಶಕ್ಕೆ ಹೋಗದೆ ನೇರ ಎಡಭಾಗಕ್ಕೆ ದಾಟಿ ಮೆದುಳಿಗೂ ಹೋಗಬಹುದು. ಅಲ್ಲಿ ಲೆಕ್ಕ ನೂರಾರು ಎಂಎಲ್‌ನದಲ್ಲ, ಸ್ವಲ್ಪವೇ ಸಾಕು. ನವಜಾತ ಶಿಶುಗಳು, ಹೃದಯದಲ್ಲಿ ರಂಧ್ರ ಇರುವ ಮಕ್ಕಳು, ಅಪಧಮನಿಗೆ ಹಾಕಿದ ಆರ್ಟರಿ ಲೈನ್, ಕುತ್ತಿಗೆಯಿಂದ ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್: ಈ ನಾಲ್ಕು ಕಡೆ ಒಂದು ಗುಳ್ಳೆಯನ್ನೂ ಬಿಡಬೇಡಿ.

ಗುಳ್ಳೆ ಬರುವುದು ಎಲ್ಲಿಂದ

ಹೆಚ್ಚಾಗಿ ನಮ್ಮ ಅವಸರದಿಂದಲೇ. ಸೆಟ್ಟನ್ನು (ಚೇಂಬರ್, ಟ್ಯೂಬ್, ರೋಲರ್ ಎಲ್ಲ ಸೇರಿದ್ದು) ದ್ರವದಿಂದ ತುಂಬಿಸುವಾಗ, ಅಂದರೆ ಪ್ರೈಮ್ ಮಾಡುವಾಗ, ರೋಲರ್ ಪೂರ್ತಿ ಬಿಟ್ಟರೆ ನೀರು ನುಗ್ಗುತ್ತಾ ಗಾಳಿಯನ್ನು ತುಂಡು ತುಂಡು ಮಾಡಿಕೊಂಡು ಬರುತ್ತದೆ. ಬಾಟಲಿ ಖಾಲಿಯಾಗುವವರೆಗೆ ಯಾರೂ ನೋಡದಿದ್ದರೆ ಅದರ ಕೆಳಗೆ ಹನಿ ಬೀಳುವ ಚೇಂಬರ್ ಬರಿದಾಗಿ ಗಾಳಿ ಇಳಿಯುತ್ತದೆ. ಜೋಡಣೆ ಸಡಿಲ ಇದ್ದರೆ ಅಲ್ಲಿಂದಲೂ ಬರುತ್ತದೆ. ಟ್ಯೂಬಿನ ಪಕ್ಕದ ಬಾಯಾದ ಪೋರ್ಟಿನಲ್ಲಿ ಇಂಜೆಕ್ಷನ್ ಕೊಡುವಾಗ ಸಿರಿಂಜಿನ ಮೂತಿಯಲ್ಲಿದ್ದ ಗಾಳಿ ಒಳಗೆ ಸೇರುವುದೂ ಉಂಟು.

ಇನ್ನೊಂದು ಕಾರಣ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ತಣ್ಣಗಿನ ದ್ರವದಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ, ಬಿಸಿಯಾದ ಹಾಗೆ ಅದು ಹೊರಬೀಳುತ್ತದೆ. ಒಲೆ ಮೇಲಿಟ್ಟ ನೀರು ಕುದಿಯುವ ಎಷ್ಟೋ ಮೊದಲೇ ಪಾತ್ರೆಯ ಒಳಗೋಡೆಗೆ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತದಲ್ಲ, ಹಾಗೆಯೇ. ಫ್ರಿಜ್ಜಿನಿಂದ ತೆಗೆದ ಬ್ಯಾಗನ್ನು ತಕ್ಷಣ ಹಾಕಿದರೆ, ಅಥವಾ ಲೈನಿಗೆ ಫ್ಲೂಯಿಡ್ ವಾರ್ಮರ್ ಜೋಡಿಸಿದರೆ, ನೀವು ಎಷ್ಟೇ ಚೆನ್ನಾಗಿ ಪ್ರೈಮ್ ಮಾಡಿದ್ದರೂ ಅರ್ಧ ಗಂಟೆಯಲ್ಲಿ ಟ್ಯೂಬಿನ ಗೋಡೆ ತುಂಬ ಚುಕ್ಕಿ ಚುಕ್ಕಿ ಗುಳ್ಳೆ ಕಾಣಬಹುದು. ಅದು ನಿಮ್ಮ ತಪ್ಪಲ್ಲ. ಫ್ರಿಜ್ಜಿನಲ್ಲಿದ್ದ ಸಾದಾ ದ್ರವವನ್ನು ಕೋಣೆಯ ತಾಪಕ್ಕೆ ಬಂದ ಮೇಲೆ ಹಾಕಿ. ರಕ್ತದ ಬ್ಯಾಗನ್ನು ಹಾಗೆ ಹೊರಗೆ ಇಟ್ಟು ಕಾಯಬಾರದು. ಅದಕ್ಕೆ ವಾರ್ಮರ್ ಬೇಕಾದರೆ ವಾರ್ಮರ್, ಬೇರೆ ಉಪಾಯ ಬೇಡ.

ಪ್ರೈಮ್ ಮಾಡುವುದು: ಇಲ್ಲಿ ಕೊಟ್ಟ ಎರಡು ನಿಮಿಷ ಮುಂದೆ ಗಂಟೆ ಉಳಿಸುತ್ತದೆ

ಕೈ ತೊಳೆದು, ದ್ರವದ ಹೆಸರು, ದಿನಾಂಕ, ಸೋರಿಕೆ, ಬಣ್ಣ ಎಲ್ಲ ನೋಡಿಕೊಂಡ ಮೇಲೆ ಶುರು ಮಾಡಿ.

1. ಸೆಟ್ ಹೊರತೆಗೆದ ಕೂಡಲೇ ರೋಲರನ್ನು ಚೇಂಬರಿನ ಹತ್ತಿರಕ್ಕೆ ಜರುಗಿಸಿ, ಪೂರ್ತಿ ಮುಚ್ಚಿ. ಸೆಟ್ ಪ್ಯಾಕಿನಿಂದ ಬರುವಾಗ ರೋಲರ್ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಇದನ್ನು ಮರೆತು ಸ್ಪೈಕನ್ನು (ಸೆಟ್ಟಿನ ಮೇಲ್ತುದಿಯ ಚೂಪು ಮೊನೆ) ಬ್ಯಾಗಿಗೆ ಚುಚ್ಚಿದರೆ, ಚೇಂಬರ್ ತುಂಬುವ ಮೊದಲೇ ನೀರು, ಗಾಳಿ ಎರಡೂ ಕೂಡಿ ಕೆಳಗೆ ಓಡುತ್ತವೆ. ಟ್ಯೂಬ್ ತುಂಬ ಮಣಿಸರ ಕಂಡರೆ ಹೆಚ್ಚಿನ ಸಲ ಕಾರಣ ಇದೇ.

2. ಸ್ಪೈಕನ್ನು ನೇರವಾಗಿ, ಸ್ವಲ್ಪ ತಿರುಗಿಸುತ್ತಾ ಪೂರ್ತಿ ಒಳಗೆ ತಳ್ಳಿ. ಮೆತ್ತನೆಯ ಬ್ಯಾಗಾದರೆ ಚೇಂಬರಿನ ಏರ್ ವೆಂಟ್ (ಗಾಳಿ ಒಳಬಿಡುವ ಕಿಂಡಿ) ಮುಚ್ಚಿರಲಿ, ಬ್ಯಾಗ್ ತಾನೇ ಕುಗ್ಗುತ್ತದೆ. ಗಾಜಿನ ಅಥವಾ ಕುಗ್ಗದ ಗಟ್ಟಿ ಬಾಟಲಿಯಾದರೆ ವೆಂಟ್ ತೆರೆಯಬೇಕು, ಇಲ್ಲದಿದ್ದರೆ ದ್ರವ ಇಳಿಯುವುದೇ ಇಲ್ಲ.

3. ಬ್ಯಾಗ್ ತೂಗುಹಾಕಿ, ಚೇಂಬರನ್ನು ಹಿಸುಕಿ ಬಿಡಿ. ಅರ್ಧದಷ್ಟು ತುಂಬಿಸಿ, ಅಥವಾ ಸೆಟ್ಟಿನ ಮೇಲೆ ಗೆರೆ ಇದ್ದರೆ ಅಲ್ಲಿಯವರೆಗೆ. ಮಟ್ಟ ತೀರಾ ಕೆಳಗಿದ್ದರೆ ಮೇಲಿಂದ ಬೀಳುವ ಪ್ರತಿ ಹನಿಯೂ ಗಾಳಿಯನ್ನು ಎಳೆದುಕೊಂಡು ಟ್ಯೂಬಿಗೆ ಇಳಿಸುತ್ತದೆ. ತೀರಾ ತುಂಬಿದರೆ ಹನಿ ಎಣಿಸಲು ಆಗುವುದಿಲ್ಲ.

4. ಈಗ ರೋಲರನ್ನು ನಿಧಾನವಾಗಿ ತೆರೆಯಿರಿ. ನೀರಿನ ತುದಿ ಟ್ಯೂಬಿನಲ್ಲಿ ತೆವಳಿಕೊಂಡು ಬರಬೇಕು, ನುಗ್ಗಬಾರದು. ಅದರ ಅಂಚು ಒಂದೇ ಸಮನೆ, ಒಡೆಯದೆ ಬರುತ್ತಿದ್ದರೆ ವೇಗ ಸರಿ ಇದೆ. ಅಂಚು ಒಡೆದು ನೊರೆಯಾದರೆ ರೋಲರ್ ಜಾಸ್ತಿ ತೆರೆದಿದ್ದೀರಿ.

5. ನೀರು ವೈ ಪೋರ್ಟಿಗೆ ಬಂದಾಗ ಪೋರ್ಟನ್ನು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ. ಪೋರ್ಟ್ ಎನ್ನುವುದು ಒಂದು ಕುರುಡು ಗಲ್ಲಿ. ನೆಟ್ಟಗೆ ಹಿಡಿದರೆ ಅದರ ತಲೆಯಲ್ಲಿ ಗಾಳಿ ಕೂತೇ ಇರುತ್ತದೆ. ಬೋರಲು ಹಿಡಿದರೆ ಗಾಳಿ ಮೇಲೆದ್ದು ಹರಿವಿಗೆ ಸೇರಿ ಮುಂದೆ ಹೋಗುತ್ತದೆ. ಒಂದು ಸೆಟ್ಟಿನಲ್ಲಿ ಎಷ್ಟು ಪೋರ್ಟ್ ಇದೆಯೋ ಅಷ್ಟಕ್ಕೂ ಹೀಗೇ ಮಾಡಿ. ಈಗ ಬಿಟ್ಟ ಗುಳ್ಳೆ, ಮುಂದೆ ಅದೇ ಪೋರ್ಟಿನಲ್ಲಿ ಇಂಜೆಕ್ಷನ್ ಕೊಟ್ಟಾಗ ಔಷಧಿಯ ಜೊತೆ ರೋಗಿಗೆ ಹೋಗುತ್ತದೆ. ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವಿಗೂ ಇದೇ ಮದ್ದು. ಫಿಲ್ಟರ್ ಇದ್ದರೆ ಅದರ ಮೇಲಿನ ಬಾಣದ ಗುರುತು ಮೇಲ್ಮುಖವಾಗಿರುವ ಹಾಗೆ ಹಿಡಿದು, ದ್ರವ ಕೆಳಗಿನಿಂದ ಮೇಲೆ ತುಂಬಲು ಬಿಡಿ.

6. ತ್ರೀ-ವೇ (ಮೂರು ಬಾಯಿಯ ತಿರುಗಣಿ) ಮತ್ತು ಎಕ್ಸ್‌ಟೆನ್ಷನ್ (ಹೆಚ್ಚುವರಿ ತುಂಡು ಟ್ಯೂಬ್) ಇದ್ದರೆ ಈಗಲೇ ಜೋಡಿಸಿ. ತ್ರೀ-ವೇಯ ಪಕ್ಕದ ಬಾಯನ್ನೂ ತೆರೆದು ಒಂದೆರಡು ಹನಿ ಬೀಳಿಸಿ, ಮುಚ್ಚಳ ಹಾಕಿ. ಲೈನ್ ಪೂರ್ತಿ ನೋಡಿದೆ ಎನ್ನುವವರೂ ಈ ಮೂರನೇ ಬಾಯನ್ನು ಮರೆಯುತ್ತಾರೆ.

7. ಟ್ಯೂಬಿನ ತುದಿಯ ಮುಚ್ಚಳ ಕೆಲವು ಸೆಟ್‌ಗಳಲ್ಲಿ ಗಾಳಿಯನ್ನು ಹೊರಬಿಟ್ಟು ನೀರನ್ನು ತಡೆಯುತ್ತದೆ, ಅಂಥದ್ದನ್ನು ತೆಗೆಯುವ ಅಗತ್ಯವಿಲ್ಲ. ಬೇರೆಯದಾದರೆ ತುದಿಯನ್ನು ಮುಟ್ಟದೆ ಸಡಿಲಿಸಿ, ಕಿಡ್ನಿ ಟ್ರೇ ಮೇಲೆ ಹಿಡಿದು ಗಾಳಿಯಿಲ್ಲದ ನೀರು ಬರುವವರೆಗೆ ಬಿಟ್ಟು, ರೋಲರ್ ಮುಚ್ಚಿ.

8. ಟ್ಯೂಬನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗಿನವರೆಗೆ ಬೆರಳು ಸರಿಸುತ್ತಾ ನೋಡಿ. ಅಲ್ಲಲ್ಲಿ ಅಂಟಿಕೊಂಡ ಗುಳ್ಳೆಯನ್ನು ತಟ್ಟಿ ಎಬ್ಬಿಸಿ.

ಇನ್ನು ರೋಗಿಯ ರಕ್ತನಾಳದಲ್ಲಿರುವ ಕ್ಯಾನುಲಾಗೆ ಜೋಡಿಸುವ ಕ್ಷಣ. ಟ್ಯೂಬಿನ ತುದಿಯಲ್ಲೂ ಹನಿ ನಿಂತಿರಬೇಕು, ಕ್ಯಾನುಲಾದ ಬಾಯಲ್ಲೂ ರಕ್ತ ಅಥವಾ ಸಲೈನ್ ತುಂಬಿರಬೇಕು. ಎರಡು ದ್ರವಗಳು ಮುಟ್ಟಿಕೊಳ್ಳುವ ಹಾಗೆ ಜೋಡಿಸಿದರೆ ನಡುವೆ ಗಾಳಿಗೆ ಜಾಗ ಉಳಿಯುವುದಿಲ್ಲ. ಆಮೇಲೆ ಲ್ಯೂಯರ್ ಲಾಕ್ ತಿರುಗಿಸಿ ಬಿಗಿ ಮಾಡಿ.

ಓಡುತ್ತಿರುವ ಲೈನಿನಲ್ಲಿ ಗುಳ್ಳೆ ಕಂಡರೆ

ಮೊದಲು ದಾರಿ ಮುಚ್ಚಿ. ಆದರೆ ಯಾವ ಕ್ಲ್ಯಾಂಪ್? ಎಷ್ಟೋ ಸೆಟ್‌ಗಳಲ್ಲಿ ರೋಲರ್ ಮೇಲೆ ಚೇಂಬರಿನ ಹತ್ತಿರ ಇರುತ್ತದೆ, ಗುಳ್ಳೆ ಅದಕ್ಕಿಂತ ಕೆಳಗೆ ಬಂದಿರುತ್ತದೆ. ರೋಲರ್ ಮುಚ್ಚಿದರೆ ಹರಿವು ನಿಲ್ಲುತ್ತದೆ, ಸರಿ. ಆದರೆ ಗುಳ್ಳೆಯನ್ನು ವಾಪಸ್ ಚೇಂಬರಿಗೆ ಹತ್ತಿಸಬೇಕಾದರೆ ಅದು ರೋಲರ್ ದಾಟಿಯೇ ಹೋಗಬೇಕಲ್ವಾ? ಆದ್ದರಿಂದ ರೋಗಿಯ ಹತ್ತಿರ, ತ್ರೀ-ವೇ ಅಥವಾ ಎಕ್ಸ್‌ಟೆನ್ಷನ್‌ನ ಕ್ಲ್ಯಾಂಪ್ ಮುಚ್ಚಿ. ಅವೆರಡೂ ಇಲ್ಲದಿದ್ದರೆ ಟ್ಯೂಬನ್ನು ಮಡಚಿ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಆಮೇಲೆ ರೋಲರ್ ತೆರೆಯಿರಿ. ಕೆಳಗೆ ಬಂದ್, ಮೇಲೆ ಮುಕ್ತ.

ಇನ್ನೊಂದು ಎಚ್ಚರಿಕೆ. ಗುಳ್ಳೆಯನ್ನು "ಬೇಗ ಓಡಿಸಿಬಿಡೋಣ" ಎಂದು ರೋಲರ್ ಪೂರ್ತಿ ತೆರೆಯುವುದನ್ನು ನೋಡಿದ್ದೇನೆ. ಗಾಳಿ ರೋಗಿಗೇ ಹೋಯಿತು, ಅದು ಒಂದು. ಜೊತೆಗೆ ಟ್ಯೂಬಿನಲ್ಲಿದ್ದ ದ್ರವವೂ ಒಟ್ಟಿಗೆ ಹೋಯಿತು. ಸಾದಾ ಸಲೈನ್ ಆದರೆ ಪರವಾಗಿಲ್ಲ. ಪೊಟ್ಯಾಸಿಯಂ, ಇನ್ಸುಲಿನ್, ಬಿಪಿ ಏರಿಸುವ ಔಷಧಿ ಇದ್ದರೆ ಗುಳ್ಳೆಗಿಂತ ಆ ಅವಸರವೇ ಅಪಾಯ. ಹಾಗೇ, ನಾರ್ ಅಡ್ರಿನಲಿನ್‌ನಂಥ ಔಷಧಿಯನ್ನು ಒಂದೆರಡು ನಿಮಿಷ ನಿಲ್ಲಿಸಿದರೂ ಬಿಪಿ ಕುಸಿಯಬಹುದು. ಅಂಥ ಲೈನಿಗೆ ಕೈ ಹಾಕುವ ಮೊದಲು ಹಿರಿಯರನ್ನು ಕರೆಯಿರಿ, ಪ್ರೈಮ್ ಮಾಡಿದ ಇನ್ನೊಂದು ಲೈನ್ ಪಕ್ಕದಲ್ಲಿ ಸಿದ್ಧವಿರಲಿ.

ಗುಳ್ಳೆ ಚಿಕ್ಕದಿದ್ದು ಚೇಂಬರಿಗೆ ಹತ್ತಿರ ಇದ್ದರೆ ತಟ್ಟಿದರೆ ಸಾಕು. ಟ್ಯೂಬನ್ನು ನೆಟ್ಟಗೆ ಬಿಗಿಯಾಗಿ ಎಳೆದು ಹಿಡಿದು, ಗುಳ್ಳೆಯ ಸ್ವಲ್ಪ ಕೆಳಗೆ ಬೆರಳಿನ ಉಗುರಿನಿಂದ ಚಿಮ್ಮಿ. ಗುಳ್ಳೆ ಮೇಲೆ ಏರದಿರಲು ಕಾರಣ ಅದು ಗೋಡೆಗೆ ಅಂಟಿಕೊಂಡಿರುವುದು. ಒಂದು ಏಟಿಗೆ ಬಿಡಿಸಿಕೊಂಡು ಚೂರು ಮೇಲೆ ಹೋಗಿ ಮತ್ತೆ ಅಂಟುತ್ತದೆ. ಮತ್ತೆ ಚಿಮ್ಮಿ. ಟ್ಯೂಬ್ ಎಲ್ಲೂ ಜೋತು ಬಿದ್ದಿರಬಾರದು, ಜೋತಲ್ಲಿ ಗುಳ್ಳೆ ದಾರಿ ತಪ್ಪುತ್ತದೆ.

ಗುಳ್ಳೆ ಉದ್ದವಿದ್ದರೆ, ಅಥವಾ ನಾಲ್ಕೈದು ಒಂದರ ಹಿಂದೊಂದು ಇದ್ದರೆ ಪೆನ್ನು ತೆಗೆದುಕೊಳ್ಳಿ. ಗುಳ್ಳೆಯ ಕೆಳಗೆ ಟ್ಯೂಬನ್ನು ಪೆನ್ನಿಗೆ ಬಿಗಿಯಾಗಿ ಸುತ್ತಿ, ಸುತ್ತುತ್ತಾ ಸುತ್ತುತ್ತಾ ಮೇಲಕ್ಕೆ ಹೋಗಿ. ಸುತ್ತು ಬಿದ್ದ ಕಡೆ ಟ್ಯೂಬ್ ಚಪ್ಪಟೆಯಾಗಿ ದ್ರವವೂ ಗುಳ್ಳೆಯೂ ಚೇಂಬರಿನ ಕಡೆಗೆ ಸರಿಯುತ್ತವೆ. ಗುಳ್ಳೆ ಚೇಂಬರಿನಲ್ಲಿ ಪುಳಕ್ಕನೆ ಮೇಲೆ ಬಂದು ಒಡೆಯುವುದು ಕಾಣುತ್ತದೆ. ಪೆನ್ನನ್ನು ಬಿಚ್ಚುವಾಗ ನಿಧಾನ ಇರಲಿ. ಕೆಳಗಿನ ಕ್ಲ್ಯಾಂಪ್ ಇನ್ನೂ ಮುಚ್ಚಿಯೇ ಇರಬೇಕು, ಇಲ್ಲದಿದ್ದರೆ ರೋಗಿಯ ರಕ್ತ ಟ್ಯೂಬಿಗೆ ಎಳೆದುಕೊಂಡು ಬರುತ್ತದೆ.

ಗುಳ್ಳೆ ತುಂಬ ಕೆಳಗೆ ಬಂದಿದ್ದರೆ ಸಿರಿಂಜಿನಿಂದ ಎಳೆಯುವುದೇ ಸರಿ. ಇದಕ್ಕೆ ಗುಳ್ಳೆಯ ಕೆಳಗೆ ಒಂದು ಪೋರ್ಟ್ ಅಥವಾ ತ್ರೀ-ವೇ ಇರಬೇಕು. ಪೋರ್ಟನ್ನು 70 ಶೇಕಡಾ ಆಲ್ಕೋಹಾಲ್ ಸ್ವಾಬಿನಿಂದ ಹದಿನೈದು ಸೆಕೆಂಡ್ ಗಟ್ಟಿಯಾಗಿ ಉಜ್ಜಿ, ಒಣಗಲು ಬಿಡಿ. ಒಣಗುವುದೂ ಶುಚಿ ಮಾಡುವುದರ ಒಂದು ಭಾಗವೇ. 10 ಎಂಎಲ್‌ನ ಹೊಸ ಖಾಲಿ ಸಿರಿಂಜ್ ಜೋಡಿಸಿ. ಪೋರ್ಟಿಗಿಂತ ಕೆಳಗೆ ಮುಚ್ಚಿ, ಮೇಲಿನ ರೋಲರ್ ತೆರೆದಿರಲಿ. ಮೆಲ್ಲಗೆ ಎಳೆದರೆ ಬ್ಯಾಗಿನಿಂದ ದ್ರವ ಇಳಿಯುತ್ತಾ ಗುಳ್ಳೆಯನ್ನು ಸಿರಿಂಜಿನೊಳಕ್ಕೆ ತಂದುಬಿಡುತ್ತದೆ. ಎಳೆದದ್ದನ್ನು ವಾಪಸ್ ತಳ್ಳಬೇಡಿ, ಬಿಸಾಕಿ. ತ್ರೀ-ವೇ ಆದರೆ ಮೊದಲು ರೋಗಿಯ ಕಡೆ ಬಂದ್ ಮಾಡಿ. ಹಿಡಿಯ ಉದ್ದ ತುದಿ ಎತ್ತ ತಿರುಗಿದೆಯೋ ಆ ಕಡೆ ಬಂದ್ ಎನ್ನುವುದು ಹಲವು ತ್ರೀ-ವೇಗಳಲ್ಲಿ ನಿಜ, ಎಲ್ಲದರಲ್ಲೂ ಅಲ್ಲ. ನಿಮ್ಮ ಕೈಯಲ್ಲಿರುವುದನ್ನು ಒಮ್ಮೆ ತಿರುಗಿಸಿ ನೋಡಿಕೊಂಡೇ ಕೆಲಸ ಮಾಡಿ.

ಲೈನನ್ನು ಬಿಚ್ಚಿ ನೀರು ಹರಿಸುವುದು ಕಡೆಯ ದಾರಿ. ಬಿಚ್ಚಿದಷ್ಟೂ ಸೋಂಕಿಗೆ ಬಾಗಿಲು ತೆರೆದ ಹಾಗೆ. ಟ್ಯೂಬಿನ ತುಂಬ ಗುಳ್ಳೆಯೇ ಇದ್ದರೆ ಒದ್ದಾಡುವ ಬದಲು ಹೊಸ ಸೆಟ್ ಪ್ರೈಮ್ ಮಾಡಿ ಬದಲಾಯಿಸುವುದು ಒಳ್ಳೆಯದು.

ಚೇಂಬರ್ ಖಾಲಿಯಾದರೆ, ತುಂಬಿಹೋದರೆ

ಬ್ಯಾಗಿನಲ್ಲಿ 50 ಎಂಎಲ್ ಇರುವಾಗಲೇ ಹೊಸದನ್ನು ಸಿದ್ಧ ಮಾಡಿಕೊಂಡರೆ ಈ ತಾಪತ್ರಯವೇ ಇರುವುದಿಲ್ಲ. ಮಟ್ಟ ಇಳಿದಿದ್ದರೆ ರೋಲರ್ ಮುಚ್ಚಿ, ಹೊಸ ಬ್ಯಾಗ್ ಹಾಕಿ, ಚೇಂಬರ್ ಹಿಸುಕಿ. ತುಂಬಿಹೋಗಿದ್ದರೆ ರೋಲರ್ ಮುಚ್ಚಿ, ಬ್ಯಾಗನ್ನು ಇಳಿಸಿ ತಲೆಕೆಳಗು ಮಾಡಿ, ಚೇಂಬರ್ ಹಿಸುಕಿದರೆ ಹೆಚ್ಚಿನ ದ್ರವ ಬ್ಯಾಗಿಗೆ ಹಿಂತಿರುಗುತ್ತದೆ.

ಆ್ಯಂಟಿಬಯಾಟಿಕ್‌ನ ಚಿಕ್ಕ ಬ್ಯಾಗನ್ನು ಮುಖ್ಯ ಲೈನಿನ ಮೇಲಿನ ಪೋರ್ಟಿಗೆ ಜೋಡಿಸುವವರಿಗೆ ಒಂದು ಸುಲಭದ ದಾರಿ ಇದೆ. ಎರಡೂ ದ್ರವ ಒಂದಕ್ಕೊಂದು ಹೊಂದುತ್ತವೆಯೇ ಎಂದು ಖಚಿತ ಮಾಡಿಕೊಂಡು, ಚಿಕ್ಕ ಬ್ಯಾಗನ್ನು ಮುಖ್ಯ ಬ್ಯಾಗಿಗಿಂತ ಕೆಳಗೆ ಹಿಡಿದು ಅದರ ಕ್ಲ್ಯಾಂಪ್ ತೆರೆಯಿರಿ. ಮುಖ್ಯ ಬ್ಯಾಗಿನ ದ್ರವ ಹಿಮ್ಮುಖವಾಗಿ ಚಿಕ್ಕ ಟ್ಯೂಬಿಗೆ ಹತ್ತಿ ಗಾಳಿಯನ್ನು ಚಿಕ್ಕ ಬ್ಯಾಗಿನೊಳಗೆ ತಳ್ಳುತ್ತದೆ. ಒಂದು ಹನಿ ಔಷಧಿಯೂ ಹಾಳಾಗುವುದಿಲ್ಲ.

ಪಂಪ್ ಕೂಗಿಕೊಂಡರೆ

ಇನ್‌ಫ್ಯೂಷನ್ ಪಂಪಿನೊಳಗೆ ಶಬ್ದದ ಅಲೆಯಿಂದ ಗಾಳಿಯನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಅಲಾರಂ ಬಂದಾಗ ಸುಮ್ಮನಾಗಿಸಿ ಮತ್ತೆ ಸ್ಟಾರ್ಟ್ ಒತ್ತುವುದು ಕೆಟ್ಟ ಅಭ್ಯಾಸ. ಒಂದೊಂದು ಸಲ ಒತ್ತಿದಾಗಲೂ ಗುಳ್ಳೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ. ಪಂಪ್ ನಿಲ್ಲಿಸಿ, ರೋಗಿಯ ಕಡೆ ಕ್ಲ್ಯಾಂಪ್ ಮುಚ್ಚಿ, ಆಮೇಲೆ ಬಾಗಿಲು ತೆರೆಯಿರಿ. ಮುಚ್ಚದೆ ತೆರೆದರೆ ಬ್ಯಾಗಿನ ದ್ರವ ತಡೆಯಿಲ್ಲದೆ ಸುರಿಯಬಹುದು.

ಗುಳ್ಳೆ ತೆಗೆದರೂ ಅಲಾರಂ ಮರುಕಳಿಸುತ್ತಿದ್ದರೆ ಪಂಪಿನ ಮೇಲಿನ ಭಾಗ ನೋಡಿ. ಅಲ್ಲಿ ರೋಲರ್ ಅರ್ಧ ಮುಚ್ಚಿದ್ದರೆ, ಅಥವಾ ಗಟ್ಟಿ ಬಾಟಲಿಯ ವೆಂಟ್ ತೆರೆದಿಲ್ಲದಿದ್ದರೆ, ಪಂಪ್ ಬಲವಂತವಾಗಿ ಎಳೆಯುತ್ತದೆ. ಆ ಎಳೆತಕ್ಕೇ ದ್ರವದಲ್ಲಿ ಕರಗಿದ್ದ ಗಾಳಿ ಹೊರಬರುತ್ತದೆ. ಅಲಾರಂ ಕಾಟ ಎಂದು ಅದರ ಮಿತಿಯನ್ನು ಏರಿಸುವ ನಿರ್ಧಾರ ನಿಮ್ಮೊಬ್ಬರದ್ದಲ್ಲ.

ಸಿರಿಂಜ್ ಪಂಪಿಗೆ ಔಷಧಿ ತುಂಬುವಾಗ ನಿಧಾನವಾಗಿ ಎಳೆದುಕೊಳ್ಳಿ. ಚಿಕ್ಕ ಚಿಕ್ಕ ಗುಳ್ಳೆ ಉಳಿದರೆ ಮೂತಿ ಮೇಲೆ ಮಾಡಿ, ಪಿಸ್ಟನ್ನನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಎಳೆದು ಒಂದು ದೊಡ್ಡ ಗುಳ್ಳೆ ಮಾಡಿಕೊಳ್ಳಿ. ಸಿರಿಂಜನ್ನು ಮೆಲ್ಲಗೆ ಹೊರಳಿಸಿದರೆ ದೊಡ್ಡ ಗುಳ್ಳೆ ಚಿಕ್ಕವನ್ನೆಲ್ಲ ನುಂಗುತ್ತದೆ. ಆಮೇಲೆ ಒಂದೇ ಸಲ ಹೊರಗೆ ತಳ್ಳಿ. ಪ್ರೊಪೊಫಾಲ್, ಲಿಪಿಡ್‌ನಂಥ ಹಾಲುಬಣ್ಣದ ದ್ರವದಲ್ಲಿ ಗುಳ್ಳೆ ಕಾಣುವುದೇ ಕಷ್ಟ, ಬೆಳಕಿಗೆ ಹಿಡಿದೇ ನೋಡಬೇಕು. ಆಲ್ಬುಮಿನ್ ಬಾಟಲಿಯನ್ನಂತೂ ಅಲುಗಾಡಿಸಲೇಬೇಡಿ, ನೊರೆ ಬಂದರೆ ಇಳಿಯಲು ಕಾಯುವುದೇ ಕೆಲಸವಾಗುತ್ತದೆ.

ಪ್ರೆಷರ್ ಬ್ಯಾಗ್ ಮತ್ತು ಸೆಂಟ್ರಲ್ ಲೈನ್

ಸಲೈನ್ ಬ್ಯಾಗಿನೊಳಗೆ ದ್ರವದ ಜೊತೆ ಗಾಳಿಯೂ ಸ್ವಲ್ಪ ಇದ್ದೇ ಇರುತ್ತದೆ. ತನ್ನ ಪಾಡಿಗೆ ಹರಿಯುವ ಡ್ರಿಪ್‌ನಲ್ಲಿ ಅದು ಮೇಲೇ ಉಳಿಯುತ್ತದೆ. ಅದರ ಸುತ್ತ ಗಾಳಿ ತುಂಬಿ ಒತ್ತುವ ಪ್ರೆಷರ್ ಬ್ಯಾಗ್ ಕಟ್ಟಿ ಒತ್ತಡ ಕೊಟ್ಟರೆ, ದ್ರವ ಮುಗಿದ ಮೇಲೆ ಅದೇ ಗಾಳಿಯನ್ನು ಒತ್ತಡ ರೋಗಿಗೆ ತಳ್ಳುತ್ತದೆ. ಆದ್ದರಿಂದ ರೋಗಿಗೆ ಜೋಡಿಸುವ ಮೊದಲೇ ಬ್ಯಾಗಿಗೆ ಸ್ಪೈಕ್ ಹಾಕಿ, ಬ್ಯಾಗನ್ನು ತಲೆಕೆಳಗು ಹಿಡಿದು, ರೋಲರ್ ತೆರೆದು, ಹಿಸುಕಿ ಗಾಳಿಯನ್ನೆಲ್ಲ ಹೊರಹಾಕಿ. ಆಮೇಲೆ ತೂಗುಹಾಕಿ ಪ್ರೈಮ್ ಮಾಡಿ. ಗಟ್ಟಿ ಬಾಟಲಿಗೆ ಗಾಳಿ ಹೊಡೆದು ಒತ್ತಡ ಕೊಡುವ ಸಾಹಸ ಎಂದೂ ಬೇಡ.

ಸೆಂಟ್ರಲ್ ಲೈನಿನ ವಿಷಯದಲ್ಲಿ ಭಯ ಟ್ಯೂಬಿನ ಗುಳ್ಳೆಗಿಂತ ತೆರೆದ ಬಾಯಿಯದ್ದು. ರೋಗಿ ಕೂತಿದ್ದಾಗ ಉಸಿರು ಎಳೆದುಕೊಂಡರೆ ಎದೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ, ತೆರೆದ ಲೈನ್ ಗಾಳಿಯನ್ನು ಹೀರಿಬಿಡುತ್ತದೆ. ದಪ್ಪ ಲೈನಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಅಪಾಯದಷ್ಟು ಗಾಳಿ ಹೋಗಬಹುದು. ಬಿಚ್ಚುವ ಮೊದಲು ರೋಗಿಯನ್ನು ಮಲಗಿಸಿ, ಸಾಧ್ಯವಾದರೆ ತಲೆ ಸ್ವಲ್ಪ ತಗ್ಗಿರಲಿ, ಕ್ಲ್ಯಾಂಪ್ ಹಾಕಿ, ಬಿಚ್ಚುವ ಕ್ಷಣ ಉಸಿರು ಬಿಗಿಹಿಡಿಯಲು ಹೇಳಿ.

ಗಾಳಿ ಹೋಗಿಯೇಬಿಟ್ಟಿತು ಎನ್ನಿಸಿದರೆ

ಇದ್ದಕ್ಕಿದ್ದಂತೆ ಉಸಿರುಗಟ್ಟುವುದು, ಕೆಮ್ಮು, ಎದೆನೋವು, ಬಿಪಿ ಇಳಿಯುವುದು, ಗೊಂದಲ, ಪ್ರಜ್ಞೆ ತಪ್ಪುವುದು: ಲೈನ್ ಮುಟ್ಟಿದ ಸ್ವಲ್ಪ ಹೊತ್ತಿನಲ್ಲಿ ಇಂಥದ್ದು ಕಂಡರೆ ಗಾಳಿಯ ಅನುಮಾನ ಪಡಿ. ಲೈನನ್ನು ತಕ್ಷಣ ಮುಚ್ಚಿ, ಆದರೆ ಕ್ಯಾನುಲಾ ಕೀಳಬೇಡಿ, ಔಷಧಿ ಕೊಡಲು ಅದು ಬೇಕು. ಕೂಗಿ ಸಹಾಯ ಕರೆಯಿರಿ. ಎಡಮಗ್ಗುಲಿಗೆ, ತಲೆ ತಗ್ಗಿಸಿ ಮಲಗಿಸಿ. 1947ರಲ್ಲಿ ಡ್ಯುರಾಂಟ್ ಮತ್ತು ಸಂಗಡಿಗರು ವಿವರಿಸಿದ ಈ ಭಂಗಿಯ ಹಿಂದಿನ ಯೋಚನೆ, ಗಾಳಿ ಹೃದಯದ ಬಲಭಾಗದಲ್ಲೇ ಮೇಲೆ ತೇಲಿ ನಿಂತು ಶ್ವಾಸಕೋಶದ ದಾರಿಗೆ ಅಡ್ಡವಾಗದಿರಲಿ ಎಂದು. 100 ಶೇಕಡಾ ಆಕ್ಸಿಜನ್ ಕೊಡಿ, ಅದು ಗುಳ್ಳೆ ಕುಗ್ಗಲು ನೆರವಾಗುತ್ತದೆ. ಸೆಂಟ್ರಲ್ ಲೈನ್ ಇದ್ದರೆ ಅದರಿಂದ ಗಾಳಿ ಎಳೆಯಲು ವೈದ್ಯರು ಪ್ರಯತ್ನಿಸಬಹುದು. ನಾಡಿ ಸಿಗದಿದ್ದರೆ ಭಂಗಿಯ ಚಿಂತೆ ಬಿಟ್ಟು ಅಂಗಾತ ಮಲಗಿಸಿ ಸಿಪಿಆರ್ ಶುರು ಮಾಡಿ.

ಸೆಟ್ಟನ್ನೂ ಬ್ಯಾಗನ್ನೂ ಎಸೆಯಬೇಡಿ, ಕ್ಲ್ಯಾಂಪ್ ಹೇಗಿತ್ತೋ ಹಾಗೇ ತೆಗೆದಿಡಿ. ಎಷ್ಟು ಹೊತ್ತಿಗೆ ಕಂಡಿತು, ಟ್ಯೂಬಿನಲ್ಲಿ ಗಾಳಿ ಎಷ್ಟು ಉದ್ದ ಇತ್ತು, ಯಾವ ಜೋಡಣೆ ಸಡಿಲವಿತ್ತು, ಎಷ್ಟು ಹೊತ್ತಿಗೆ ಮುಚ್ಚಿದಿರಿ ಎಂಬುದನ್ನು ನೆನಪಿರುವಾಗಲೇ ಕೇಸ್ ಶೀಟಿನಲ್ಲಿ ಬರೆಯಿರಿ.